ಬೋಲ್ಟಿನ ಮೇಲಿನ ಕೆಂಪು ಗೆರೆ

ಮಾರ್ಚ್ 4, ಬುಧವಾರ

ನಿನ್ನೆ ಬೆಳಿಗ್ಗೆ ಅಕ್ಕ ಸೈಕಲ್ಲಿನಿಂದ ಬಿದ್ದಳು. ನೀರಿನ ಟ್ಯಾಂಕಿನ ಪಕ್ಕದ ಇಳಿಜಾರು, ಎಡ ತಿರುವು, ಹಿಂದೆ ಅಂಚೆ ಚೀಲ. ಇಪ್ಪತ್ತಾರು ವರ್ಷದಿಂದ ಟಪಾಲು ಹಂಚಲು ದಿನಾ ಇಳಿಯುತ್ತಿದ್ದ ಇಳಿಜಾರು ಅದು. ಹಾಲು ಹಾಕುವವನು ಕಣ್ಣಾರೆ ಕಂಡನಂತೆ. "ಅವ್ರು ತಿರುಗ್ಸಿದ್ರು. ಸೈಕಲ್ ತಿರುಗ್ಲಿಲ್ಲ. ನೆಟ್ಟಗೆ ಹೋಗಿ ಗೋಡೆಗೆ ಬಡೀತು" ಅಂದ. ತಲೆಗೆ ಪೆಟ್ಟು. ಭುಜದ ಮೂಳೆ ಮುರಿದಿದೆ. ಕಣ್ಣು ಬಿಟ್ಟಿಲ್ಲ.

ಇದು ನನ್ನ ಸೈಕಲ್ ಅಂಗಡಿಯ ಪುಸ್ತಕ. ಯಾವ ಸೈಕಲ್ಲಿಗೆ ಯಾವ ಚೈನು ಹಾಕಿದೆ ಅಂತ ಬರೆದಿಡಲು ಹೆಂಡತಿ ತಂದುಕೊಟ್ಟದ್ದು. ಎರಡು ಪುಟ ಬರೆದು ಬಿಟ್ಟಿದ್ದೆ. ನಾನು ಬಾಯಲ್ಲಿ ಹೇಳುವವನು, ಬರೆಯುವವನಲ್ಲ. ಆದರೆ ಆಸ್ಪತ್ರೆಯ ಬೆಂಚಿನ ಮೇಲೆ ಕೂತಾಗ ಕೈಗೆ ಏನಾದರೂ ಬೇಕು. ಸ್ಪ್ಯಾನರ್ ಇಲ್ಲ, ಪೆನ್ನು ಇದೆ.

ಇಲ್ಲಿಯೂ ಜನ ಬಿಡಲಿಲ್ಲ. ಮಾತ್ರೆ ಕೊಡುವ ಕಿಟಕಿಯವನು ನನ್ನ ಮುಖ ನೋಡಿದವನೇ "ಅಣ್ಣಾ, ನನ್ ಸೈಕಲ್ ಬ್ರೇಕ್ ಹಿಡಿದ್ರೆ ಹಂದಿ ಮರಿ ಥರ ಕಿರುಚುತ್ತೆ, ಏನ್ಮಾಡ್ಲಿ?" ಅಂದ. "ರಿಮ್ ಒರೆಸು" ಅಂದೆ. ಅವನ ಪ್ರಶ್ನೆ ಇನ್ನೂ ಪೂರ್ತಿ ಆಗಿರಲಿಲ್ಲ. ನನ್ನ ಹೆಸರು ಇರುವುದೇ ಹಾಗೆ. ಊರಿನಲ್ಲಿ ಯಾರ ಸೈಕಲ್ಲಿಗೆ ಏನಾದರೂ ಅವರ ಬಾಯಿ ಮುಚ್ಚುವ ಮೊದಲೇ ನನ್ನ ಉತ್ತರ ಹೊರಟಿರುತ್ತದೆ. ಜನ ನಗುತ್ತಾರೆ, ತಲೆದೂಗುತ್ತಾರೆ.

ಭಾನುವಾರ ಅಕ್ಕ ಫೋನ್ ಮಾಡಿದ್ದಳು. ನಮ್ಮ ಸವಾರರ ಗುಂಪಿನವರೆಲ್ಲ ಚಹಾಕ್ಕೆ ನಿಂತಿದ್ದೆವು. ಏನೋ ಕೇಳಿದಳು, ನಾನೇನೋ ಹೇಳಿದೆ, ಎಲ್ಲರೂ ಬಿದ್ದು ಬಿದ್ದು ನಕ್ಕರು. ಏನು ಕೇಳಿದಳು? ನೆನಪೇ ಆಗುತ್ತಿಲ್ಲ. ಅದು ಅವಳ ಕೊನೆಯ ಮಾತಾಗದಿರಲಿ.

ಮಾರ್ಚ್ 5, ಗುರುವಾರ

ಸಂಜೆ ನಾಲ್ಕರಿಂದ ಆರು, ಒಬ್ಬರಿಗೆ ಮಾತ್ರ ಒಳಗೆ ಬಿಡುತ್ತಾರೆ. ಮೂಗಿನಲ್ಲಿ ನಳಿಕೆ, ತಲೆಗೆ ಬಿಳಿ ಬಟ್ಟೆ. ನರ್ಸು "ಮಾತಾಡಿ, ಕೇಳಿಸ್ತಿರಬಹುದು" ಅಂದಳು. ಊರಿಗೆಲ್ಲ ಮಾತು ಹಂಚುವ ನನಗೆ ಬಾಯಿ ಒಣಗಿತು.

ಕೊನೆಗೆ ಕಥೆ ಹೇಳಿದೆ. ಅಕ್ಕನೇ ನನಗೆ ಹೇಳುತ್ತಿದ್ದ ಕಥೆ. ಅವ್ವ ಕೂಲಿಗೆ ಹೋದ ಮೇಲೆ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಇವಳು, ನನಗಿಂತ ಹತ್ತು ವರ್ಷ ದೊಡ್ಡವಳು. ಒಂಟಿಕಾಲಿನ ಕೊಕ್ಕರೆಯೊಂದು ರಾಜನ ಹತ್ತಿರ ಇನ್ನೊಂದು ಕಾಲು ಕೇಳಲು ಹೊರಟ ಕಥೆ. ನಾನು ಹೂಂಗುಟ್ಟುತ್ತಿರಬೇಕಿತ್ತು. ಹೂಂ ನಿಂತರೆ ಕಥೆಯೂ ನಿಲ್ಲುತ್ತಿತ್ತು. "ನೀನು ಹೂಂ ಅನ್ಲಿಲ್ಲ ಅಂದ್ರೆ ಕೊಕ್ಕರೆ ಹೊಳೆ ಮಧ್ಯದಲ್ಲೇ ನಿಂತಿರುತ್ತೆ ನೋಡು. ಪಾಪ, ಒಂದೇ ಕಾಲು!" ಅನ್ನುತ್ತಿದ್ದಳು. ನಿದ್ದೆಗಣ್ಣಿನಲ್ಲೂ ಹೂಂ ಅನ್ನುತ್ತಿದ್ದೆ, ಕೊಕ್ಕರೆ ಮುಳುಗೀತೆಂಬ ಭಯಕ್ಕೆ.

ಇವತ್ತು ಹೊಳೆಯ ಮಧ್ಯದವರೆಗೆ ಹೇಳಿ ಕಾದೆ. ಯಂತ್ರ ಟಿಕ್ ಟಿಕ್ ಅನ್ನುತ್ತಿತ್ತು, ಅಕ್ಕ ಹೂಂ ಅನ್ನಲಿಲ್ಲ.

ಮಾರ್ಚ್ 7, ಶನಿವಾರ

ಅಂಚೆ ಕಚೇರಿಯ ಮೇಲ್ವಿಚಾರಕಿ ಅಂಗಡಿಗೆ ಬಂದಿದ್ದರು. ಒಳ್ಳೆಯ ಹೆಂಗಸು, ಆದರೆ ಕೈಯಲ್ಲಿ ಕಾಗದ.

"ಕಚೇರಿಯ ಹನ್ನೊಂದು ಸೈಕಲ್ಲೂ ನಿಮ್ಮ ಸುಪರ್ದಿಯಲ್ಲೇ ಇವೆ. ಇದನ್ನ ನೀವೇ ತುಂಬಿ ಕೊಡ್ಬೇಕು. ಹತ್ತೊಂಬತ್ತನೇ ತಾರೀಖಿನೊಳಗೆ."

ಎರಡೇ ಪ್ರಶ್ನೆ. ಸೈಕಲ್ ಸುಸ್ಥಿತಿಯಲ್ಲಿತ್ತೆ? ಅಪಘಾತಕ್ಕೆ ಸವಾರರ ತಪ್ಪು ಕಾರಣವೆ?

"ಸವಾರರ ತಪ್ಪು ಅಂತ ಬಂದ್ರೆ ಏನಾಗುತ್ತೆ ಮೇಡಂ?"

"ರಜೆ, ಚಿಕಿತ್ಸೆ, ಯಾವುದೂ ಕಚೇರಿ ಕಡೆಯಿಂದ ಸಿಗೋದಿಲ್ಲ. ಕೆಲಸಾನೂ ಉಳಿಯೋದು ಕಷ್ಟ. ಸೈಕಲ್ಲಿನ ತಪ್ಪು ಅಂತ ಬಂದ್ರೆ..." ಅಂದು ನನ್ನ ಗೋಡೆಯ ಮೇಲೆ ಸಾಲಾಗಿ ತೂಗುಹಾಕಿದ್ದ ಸ್ಪ್ಯಾನರುಗಳನ್ನು ನೋಡಿದರು. ಮಾತು ಮುಗಿಸಲಿಲ್ಲ. ಹನ್ನೊಂದು ಸೈಕಲ್ಲಿನ ಕೆಲಸ ನನ್ನ ಕೈ ತಪ್ಪುತ್ತದೆ ಅಂತ ಅರ್ಥ.

ಈಗ ಬರೆದೇ ಬಿಡುತ್ತೇನೆ. ಮಂಗಳವಾರದಿಂದ ಗಂಟಲಲ್ಲಿ ಸಿಕ್ಕಿಕೊಂಡಿರುವುದು ಇದೇ. ಹಿಂದಿನ ಗುರುವಾರ, ಇಪ್ಪತ್ತಾರಕ್ಕೆ, ಅಕ್ಕನ ಸೈಕಲ್ಲಿನ ಪೂರ್ತಿ ಕೆಲಸ ಮಾಡಿದವನು ನಾನು. ಹ್ಯಾಂಡಲ್ಲಿನ ಕೆಳಗಿನ ಬೇರಿಂಗಿಗೆ ಗ್ರೀಸು ಹಾಕಲು ಹ್ಯಾಂಡಲ್ ಬಿಚ್ಚಿದ್ದೆ. ಹ್ಯಾಂಡಲ್ಲನ್ನು ಮುಂದಿನ ಚಕ್ರದಿಂದ ಮೇಲೆ ಬರುವ ಕಂಬಕ್ಕೆ ಕಚ್ಚಿ ಹಿಡಿಯುವ ತುಂಡಿಗೆ ಸ್ಟೆಮ್ ಅನ್ನುತ್ತೇವೆ. ಅದರ ಪಕ್ಕದಲ್ಲಿ ಎರಡು ಬೋಲ್ಟು. ಆ ಎರಡರ ಮೇಲೆಯೇ ಸವಾರನ ಪ್ರಾಣ. ಅವು ಸಡಿಲವಿದ್ದರೆ ಹ್ಯಾಂಡಲ್ ತಿರುಗುತ್ತದೆ, ಚಕ್ರ ತಿರುಗುವುದಿಲ್ಲ.

ಅವ್ರು ತಿರುಗ್ಸಿದ್ರು, ಸೈಕಲ್ ತಿರುಗ್ಲಿಲ್ಲ.

ಬಿಗಿದ ಪ್ರತಿಯೊಂದು ಬೋಲ್ಟಿನ ಮೇಲೂ ನಾನೊಂದು ಗೆರೆ ಎಳೆಯುತ್ತೇನೆ. ಹೆಂಡತಿಯ ಕೆಂಪು ನೇಲ್ ಪಾಲಿಷ್. ಬೋಲ್ಟಿನ ತಲೆಯಿಂದ ಪಕ್ಕದ ಲೋಹದವರೆಗೆ ಒಂದೇ ಎಳೆ. ಬೋಲ್ಟು ಕೂದಲೆಳೆಯಷ್ಟು ಜರುಗಿದರೂ ಗೆರೆ ಮುರಿದು ಹೇಳಿಬಿಡುತ್ತದೆ. ಅಂದು ಆ ಎರಡಕ್ಕೆ ಗೆರೆ ಎಳೆದೆನೆ? ಬಿಗಿದೆನೆ? ಬೋಲ್ಟು ಬಿಗಿಯುವ ಅಲೆನ್ ಕೀ ಕೈಗೆ ತೆಗೆದುಕೊಂಡದ್ದು ನೆನಪಿದೆ. ಆಗಲೇ ಪ್ರಶ್ನೆ ಮೇಷ್ಟ್ರು ಬಂದರು. ನಿವೃತ್ತ ಲೆಕ್ಕದ ಮೇಷ್ಟ್ರು. ಅರವತ್ತೆರಡನೇ ವಯಸ್ಸಿನಲ್ಲಿ ಸೈಕಲ್ ಕಲಿತವರು, ಕಲಿತ ದಿನದಿಂದ ನನ್ನ ಜೀವ ತಿನ್ನುತ್ತಿರುವವರು. "ಏನಪ್ಪಾ, ಚೈನಿಗೆ ಎಣ್ಣೆ ಒಳಗಿನಿಂದ ಬಿಡ್ಬೇಕೋ ಹೊರಗಿನಿಂದ್ಲೋ?" ಒಂದಕ್ಕೆ ಉತ್ತರ ಕೊಟ್ಟರೆ ಅದರ ಹೊಟ್ಟೆಯಿಂದ ಮೂರು ಮರಿ ಹುಟ್ಟುತ್ತವೆ. ಅವರು ಹೋದ ಮೇಲೆ ನಾನು ಎಲ್ಲಿಗೆ ಬಿಟ್ಟಿದ್ದೆನೋ ಅಲ್ಲಿಂದಲೇ ಹಿಡಿದೆನೆ?

ಗೊತ್ತಿಲ್ಲ. ಸೈಕಲ್ ಅಂಚೆ ಕಚೇರಿಯ ಹಿಂದಿನ ಶೆಡ್ಡಿನಲ್ಲಿದೆ. ಹೋಗಿ ನೋಡಿದರೆ ತಿಳಿಯುತ್ತದೆ. ಕಾಲು ಏಳುತ್ತಿಲ್ಲ.

ಮಾರ್ಚ್ 8, ಭಾನುವಾರ

ಗುಂಪಿನವರು ಅಂಗಡಿಗೆ ಬಂದರು. ಮೊದಲು ಅಕ್ಕನ ವಿಚಾರ, ಐದು ನಿಮಿಷ. ಆಮೇಲೆ ಒಬ್ಬಳು ಮೆಲ್ಲಗೆ, "ಸೀಟು ಎಷ್ಟು ಎತ್ತರ ಇರ್ಬೇಕು? ಮೊಣಕಾಲು ನೋಯುತ್ತೆ." ಇನ್ನೊಬ್ಬ, "ಗೇರು ತಾನೇ ಹಾರುತ್ತೆ." ಹಿಂದಿನಿಂದ ಮೇಷ್ಟ್ರು ಬೆರಳೆತ್ತಿದರು, ಶಾಲೆಯ ಮಕ್ಕಳ ಹಾಗೆ.

"ನಿಮ್ಮಿಂದ್ಲೇ ಆಗಿದ್ದು ಇದೆಲ್ಲ!" ಅಂದುಬಿಟ್ಟೆ.

ಷಟರ್ ಎಳೆದೆ. ಹೊರಗೆ ಬಹಳ ಹೊತ್ತು ಅವರ ಕಾಲುಗಳು ಷಟರಿನ ಕೆಳಗಿನ ಸಂದಿಯಲ್ಲಿ ಕಾಣುತ್ತಿದ್ದವು. ಕೊನೆಗೆ ಉಳಿದದ್ದು ಮೇಷ್ಟ್ರ ಹಳೆಯ ಚಪ್ಪಲಿ.

ಮಾರ್ಚ್ 9, ಸೋಮವಾರ

ಇವತ್ತೂ ಶೆಡ್ಡಿಗೆ ಹೋಗಲಿಲ್ಲ. ಕೊಕ್ಕರೆ ಇನ್ನೂ ಹೊಳೆಯಲ್ಲೇ ಇದೆ.

ಮಾರ್ಚ್ 10, ಮಂಗಳವಾರ

ನಾನಲ್ಲ! ನಾನಲ್ಲ!

ಬೆಳಿಗ್ಗೆ ಮೇಲ್ವಿಚಾರಕಿಯಿಂದ ಬೀಗದ ಕೈ ಇಸಕೊಂಡು ಶೆಡ್ಡಿಗೆ ಹೋದೆ. ಸೈಕಲ್ ಗೋಡೆಗೊರಗಿತ್ತು. ಮುಂದಿನ ಚಕ್ರ ಒಂದು ದಿಕ್ಕು, ಹ್ಯಾಂಡಲ್ ಇನ್ನೊಂದು ದಿಕ್ಕು, ಮುನಿಸಿಕೊಂಡ ಗಂಡ ಹೆಂಡತಿಯಂತೆ. ಟಾರ್ಚು ಹಿಡಿದು ಕುಕ್ಕರಗಾಲಿನಲ್ಲಿ ಕೂತೆ. ಕಣ್ಣು ಮುಚ್ಚಿಕೊಂಡು ಹತ್ತರವರೆಗೆ ಎಣಿಸಿ ಬಿಟ್ಟೆ.

ಗೆರೆ ಇದೆ. ಎರಡು ಬೋಲ್ಟಿನ ಮೇಲೂ ನನ್ನ ಕೆಂಪು ಗೆರೆ ಇದೆ. ಬಿಗಿದಿದ್ದೆ, ಗೆರೆ ಎಳೆದಿದ್ದೆ. ಆದರೆ ಗೆರೆ ಮುರಿದಿದೆ. ಬೋಲ್ಟಿನ ಮೇಲಿನ ತುಂಡು ಒಂದು ಕಡೆ, ಲೋಹದ ಮೇಲಿನ ತುಂಡು ಇನ್ನೊಂದು ಕಡೆ. ಯಾರೋ ನನ್ನ ನಂತರ ಬಿಚ್ಚಿದ್ದಾರೆ. ಬಿಚ್ಚಿ, ಬೆರಳಲ್ಲಿ ತಿರುಗಿಸಿದಷ್ಟು ಮಾತ್ರ ಮತ್ತೆ ಹಾಕಿದ್ದಾರೆ. ಕಂಬದ ತುದಿಯ ಮೇಲಿರುವ ಮುಚ್ಚಳದ ಬೋಲ್ಟನ್ನಂತೂ ಸಿಕ್ಕಾಪಟ್ಟೆ ಬಿಗಿದಿದ್ದಾರೆ. ಅಲ್ಲೂ ಗೆರೆ ಮುರಿದು ಅರ್ಧ ಸುತ್ತು ಮುಂದೆ ಹೋಗಿದೆ. ಏನೂ ತಿಳಿಯದವರು ಮಾಡುವ ಕೆಲಸವೇ ಇದು. ನೋಡಲು ಮೇಲಿನದೇ ದೊಡ್ಡದು, ಅದೇ ಹಿಡಿದುಕೊಂಡಿದೆ ಅನ್ನಿಸುತ್ತದೆ. ಅದು ಬೇರಿಂಗಿನ ಅಲುಗಾಟ ನಿಲ್ಲಿಸುತ್ತದೆ, ಅಷ್ಟೇ. ಹ್ಯಾಂಡಲ್ ಹಿಡಿಯುವುದು ಪಕ್ಕದ ಎರಡು.

ಶೆಡ್ಡಿನಲ್ಲೇ ನಕ್ಕೆ. ಅಕ್ಕ ಅಲ್ಲಿ ಕಣ್ಣು ಮುಚ್ಚಿ ಮಲಗಿದ್ದಾಳೆ, ನಾನು ಇಲ್ಲಿ ನಗುತ್ತಿದ್ದೇನೆ. ಏನು ಮಾಡಲಿ, ಒಂದು ವಾರದ ಮೇಲೆ ಎದೆ ತುಂಬ ಉಸಿರು ಬಂತು. ಮನೆಗೆ ಬಂದು ಕಾಗದದ ಮೊದಲ ಪ್ರಶ್ನೆಗೆ "ಸುಸ್ಥಿತಿಯಲ್ಲಿತ್ತು" ಅಂತ ದಪ್ಪಗೆ ಬರೆದೆ. ಎರಡನೆಯದನ್ನು ಖಾಲಿ ಬಿಟ್ಟೆ. ಯಾರು ಬಿಚ್ಚಿದರೆಂದು ಹುಡುಕಬೇಕು. ಸಿಕ್ಕರೆ ಬಿಡುವುದಿಲ್ಲ.

ಮಾರ್ಚ್ 11, ಬುಧವಾರ

ಹೊಳೆಯ ಮಧ್ಯದಲ್ಲಿ ಕೊಕ್ಕರೆಗೆ ಸುಸ್ತಾಯಿತು, ನೀರು ಕುತ್ತಿಗೆಗೆ ಬಂತು, ಅಂದೆ. ಸುಮ್ಮನಾದೆ. ದಿನವೂ ಅಲ್ಲಿಗೇ ನಿಲ್ಲಿಸುತ್ತೇನಲ್ಲ.

"ಹೂಂ."

ನರ್ಸು ಕೆಮ್ಮಿದಳೇನೋ ಅಂದುಕೊಂಡೆ. ನರ್ಸು ಅಲ್ಲಿ ಇರಲೇ ಇಲ್ಲ.

ಮಾರ್ಚ್ 13, ಶುಕ್ರವಾರ

ಅಕ್ಕ ಕಣ್ಣು ಬಿಟ್ಟಿದ್ದಾಳೆ. ನೀರು ಕೇಳುತ್ತಾಳೆ. ಬಿದ್ದ ದಿನ, ಅದರ ಹಿಂದಿನ ದಿನ, ಅದಕ್ಕೂ ಹಿಂದಿನದು, ಒಂದೂ ನೆನಪಿಲ್ಲ. "ನಾನ್ಯಾಕೋ ಇಲ್ಲಿದ್ದೀನಿ?" ಅಂತ ಮೂರು ಸಲ ಕೇಳಿದಳು. ನೆನಪು ಬಾರದೆಯೂ ಇರಬಹುದು ಅಂದರು ಡಾಕ್ಟರು. ತಲೆ ಎತ್ತಿದರೆ ಗೋಡೆಗಳೆಲ್ಲ ತಿರುಗುತ್ತವಂತೆ.

ಅವಳ ಬಾಡಿಗೆ ಮನೆಗೆ ಹೋಗಿ ಬಟ್ಟೆ ತರಬೇಕಿತ್ತು. ಅವಳು ಸೈಕಲ್ ನಿಲ್ಲಿಸುವ ಕಟ್ಟಡದ ಓಣಿ ಕಿರಿದು, ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಅಂಟಿಕೊಳ್ಳಬೇಕು. ಎದುರು ಮನೆಯಾಕೆ ಬಾಗಿಲಲ್ಲೇ ಸಿಕ್ಕಳು. ಹೋದ ವರ್ಷದಿಂದ ಅಕ್ಕನ ಸೈಕಲ್ಲಿನ ಮೇಲೆ ತಕರಾರು ತೆಗೆಯುತ್ತಿದ್ದವಳು. ಇವಳೇ ಬಿಚ್ಚಿರಬೇಕು ಅನ್ನಿಸಿತು.

"ನಮ್ಮಕ್ಕನ ಸೈಕಲ್ ಮುಟ್ಟಿದ್ದು ಯಾರು?" ಅಂದೆ.

"ಅಯ್ಯೋ, ನಾನ್ಯಾಕೆ ಮುಟ್ಲಿ? ಆ ಹ್ಯಾಂಡಲ್ ತಗುಲಿ ನನ್ ಬಕೆಟ್ಟು ಎರಡು ಸಲ ಉರುಳಿತ್ತು, ಹೌದು, ಬೈದಿದ್ದೆ. ಅದಕ್ಕೆ ಅವ್ರೇ ಸೋಮವಾರ ಸಂಜೆ ಏನೋ ಬಿಚ್ಚಿ ಹ್ಯಾಂಡಲ್ಲನ್ನ ಗೋಡೆಗೆ ಒತ್ತಿ ನಿಲ್ಲೋ ಹಾಗೆ ತಿರುಗಿಸಿದ್ರು. ಬೆಳಿಗ್ಗೆ ಮತ್ತೆ ನೆಟ್ಟಗೆ ಮಾಡ್ಕೊಂಡ್ರು. ಮೇಲಿನ ಬೋಲ್ಟನ್ನ ಎರಡೂ ಕೈಯಲ್ಲಿ ಹಿಡಿದು ಎಷ್ಟು ಬಿಗಿದ್ರು ಅಂತೀರಿ! ನಾನೇ ಕೇಳಿದೆ, 'ನಿಮಗೆ ಬರುತ್ತೇನ್ರೀ ಇದೆಲ್ಲ?' ಅಂತ. 'ತಮ್ಮ ಹೇಳ್ಕೊಟ್ಟಿದ್ದಾನೆ. ಎರಡು ನಿಮಿಷದ ಕೆಲಸ' ಅಂದ್ರು. ಎಷ್ಟು ಹೆಮ್ಮೆಯಿಂದ ಅಂದ್ರು ಗೊತ್ತಾ?"

ನಾನು ಯಾವಾಗ ಹೇಳಿಕೊಟ್ಟೆ?

ಬಟ್ಟೆ ತರುವುದನ್ನೇ ಮರೆತು ಬಂದೆ.

ಮಾರ್ಚ್ 14, ಶನಿವಾರ

ಮೇಷ್ಟ್ರ ಮನೆಗೆ ಹೋದೆ. ಬೇರೆ ಯಾರನ್ನು ಕೇಳಲಿ? ಭಾನುವಾರ ಅಕ್ಕನ ಫೋನನ್ನು ಸ್ಪೀಕರಿಗೆ ಹಾಕಿದ್ದೆ, ಎಲ್ಲರೂ ಕೇಳಲಿ ಅಂತ. ಮೇಷ್ಟ್ರ ಹತ್ತಿರ ಒಂದು ನೋಟ್‌ಬುಕ್ ಇದೆ. ಪ್ರತಿ ಭಾನುವಾರದ ಪ್ರಶ್ನೆ, ನನ್ನ ಉತ್ತರ, ತಾರೀಖಿನ ಸಮೇತ ಬರೆಯುತ್ತಾರೆ. ಗುಂಪಿನವರೆಲ್ಲ ಅದನ್ನು ನೋಡಿ ನಗುತ್ತಿದ್ದರು. ಎಲ್ಲರಿಗಿಂತ ಜೋರಾಗಿ ನಾನು.

ಷಟರ್ ಎಳೆದ ಮಾತು ಅವರು ಎತ್ತಲಿಲ್ಲ. ಕುರ್ಚಿ ಕೊಟ್ಟರು. ಕನ್ನಡಕ ಹಾಕಿಕೊಂಡು ಪುಟ ತಿರುಗಿಸಿದರು. ಯಾವ ಪುಟಕ್ಕೆ ಬಂದಿದ್ದೇನೆಂದು ಅವರಿಗೆ ಮೊದಲೇ ಗೊತ್ತಿತ್ತು.

"ನಾನು ಓದ್ಲಾ, ನೀನೇ ಓದ್ತೀಯಾ?"

ನಾನೇ ಓದಿದೆ. ಇದ್ದದ್ದು ಇದ್ದ ಹಾಗೆ ಇಲ್ಲಿ ಬರೆಯುತ್ತೇನೆ.

*ಮಾರ್ಚ್ 1. ಚಹಾದಂಗಡಿ. ಅಕ್ಕನವರ ಫೋನು. ಪ್ರಶ್ನೆ: ಓಣಿಯಲ್ಲಿ ಜಾಗವಿಲ್ಲ, ಹ್ಯಾಂಡಲ್ ಗೋಡೆಗೆ ಒತ್ತಿಕೊಳ್ಳುವಂತೆ ಮಾಡುವುದು ಹೇಗೆ? ಉತ್ತರ: ಪಕ್ಕದ ಎರಡು ಬೋಲ್ಟು ಸಡಿಲ ಮಾಡು, ಹ್ಯಾಂಡಲ್ ತಿರುಗಿಸು. ಎರಡು ನಿಮಿಷದ ಕೆಲಸ. ಇದಕ್ಕೂ ತಮ್ಮ ಬೇಕಾ? ಎಲ್ಲರೂ ನಕ್ಕರು. ಅಕ್ಕನವರು: ಆಮೇಲೆ? ಫೋನು ಇಡಲಾಯಿತು.*

ಅದರ ಕೆಳಗೆ ಬೇರೆ ಶಾಯಿಯಲ್ಲಿ: *ಮತ್ತೆ ಬಿಗಿಯುವುದು ಹೇಗೆ? ಕೇಳಬೇಕು.* ಮುಂದೆ ಎರಡು ಸಾಲು ಖಾಲಿ.

"ಕೇಳೋಕೆ ಬಾಯಿ ತೆಗೆದೆ ಕಣಪ್ಪಾ ನಾನು. 'ಇವತ್ತಿಗೆ ಅಂಗಡಿ ಬಂದ್ ಮೇಷ್ಟ್ರೇ' ಅಂದೆ ನೀನು. ಅದಕ್ಕೂ ನಕ್ಕರು. ನಾನು ನೋಟ್‌ಬುಕ್ ಮಡಚಿ ಇಟ್ಕೊಂಡೆ." ಕನ್ನಡಕ ತೆಗೆದು ಒರೆಸತೊಡಗಿದರು, ಎಷ್ಟು ಒರೆಸಿದರೂ ಮುಗಿಯಲಿಲ್ಲ. "ಮೂವತ್ತು ವರ್ಷ ಪಾಠ ಮಾಡಿದೋನು. ಅರ್ಧ ಉತ್ತರಕ್ಕೆ ಅರ್ಧ ಮಾರ್ಕು ಕೊಟ್ಟು ಕಳಿಸ್ತಿದ್ದೆ. ಅವತ್ತು ಕೂತಲ್ಲಿಂದ ಏಳ್ಬೇಕಿತ್ತು. ನಗ್ತಾರೆ ಅಂತ ಏಳ್ಲಿಲ್ಲ."

ಪುಸ್ತಕವನ್ನು ಅವರ ಮೊಣಕಾಲ ಮೇಲಿಟ್ಟು ಎದ್ದೆ.

ಮಾರ್ಚ್ 15, ಭಾನುವಾರ

ಆಮೇಲೆ? ಆಮೇಲೆ? ಆಮೇಲೆ?

ಕಥೆ ಹೇಳುವವನು ನಾನು. "ಆಮೇಲೆ?" ಅಂದವರಿಗೆ ಅರ್ಧಕ್ಕೆ ಕಥೆ ಮುರಿದ ದಿನ ಇಲ್ಲ. ಅಕ್ಕನಿಗೆ ಮುರಿದೆ.

ಮಾರ್ಚ್ 18, ಬುಧವಾರ

ಅಕ್ಕನನ್ನು ಗೋಡೆ ಹಿಡಿಸಿ ನಡೆಸುತ್ತಿದ್ದಾರೆ. ನಾಲ್ಕು ಹೆಜ್ಜೆಗೆ ವಾಂತಿ. ಕಿವಿಯೊಳಗಿನ ತೂಕ ಹಿಡಿಯುವ ನರಕ್ಕೆ ಪೆಟ್ಟಾಗಿದೆಯಂತೆ. ನಡೆಯಬಹುದು, ನಿಧಾನಕ್ಕೆ. ಸೈಕಲ್ ಮಾತ್ರ ಇನ್ನು ಇಲ್ಲ ಅಂದರು. ಅಕ್ಕನಿಗೆ ಇನ್ನೂ ಹೇಳಿಲ್ಲ.

ಕಾಗದ ಮುಂದಿಟ್ಟುಕೊಂಡು ಕೂತಿದ್ದೆ. ಹೆಂಡತಿ ಸೊಪ್ಪು ಬಿಡಿಸುತ್ತಿದ್ದಳು.

"ಏನ್ರೀ ಬರೀತೀರಿ?"

"ಗೊತ್ತಿಲ್ಲ. ರಸ್ತೇಲಿ ಜಲ್ಲಿ ಇತ್ತು ಅಂತ ಬರೆದ್ರೆ?"

"ಇತ್ತಾ?"

"ಇರ್ಲಿಲ್ಲ."

"ಅತ್ತಿಗೆಗೆ ಏನೂ ನೆನಪಿಲ್ಲ ಅಲ್ವಾ. ಆ ಮೇಷ್ಟ್ರು ಬಾಯಿ ಬಿಡೋರಲ್ಲ. ನೀವೂ ಬಿಡದಿದ್ರೆ ಮುಗೀತು." ಸೊಪ್ಪಿನ ದಂಟು ಮುರಿಯುತ್ತಲೇ ಅಂದಳು. ನಿಜವಾಗಿ ಹೇಳಿದಳೋ, ನನ್ನನ್ನು ಪರೀಕ್ಷಿಸಲು ಹೇಳಿದಳೋ ತಿಳಿಯಲಿಲ್ಲ. ಇನ್ನೊಂದು ಕಟ್ಟು ಬಿಚ್ಚುತ್ತಾ ಅವಳೇ ಅಂದಳು: "ಮುಗಿಯೋದು ಕಾಗದ. ಅವ್ರು ಎದುರಿಗೆ ಕೂತಾಗ ನಿಮ್ ಮುಖ ಎಲ್ಲಿಡ್ತೀರಿ?"

"ಸುಸ್ಥಿತಿಯಲ್ಲಿತ್ತು" ಎಂಬುದನ್ನು ಹಾಗೇ ಬಿಟ್ಟೆ, ಅದು ನಿಜ. ಎರಡನೆಯದಕ್ಕೆ ಕೊಟ್ಟಿದ್ದ ಜಾಗ ಒಂದು ಸಾಲು. ನನಗೆ ಹಿಂದಿನ ಪುಟವೂ ಬೇಕಾಯಿತು. ಸವಾರರ ತಪ್ಪಲ್ಲ. ಕಚೇರಿಯ ಮೆಕ್ಯಾನಿಕ್ ಆದ ನಾನು ಫೋನಿನಲ್ಲಿ ಬಿಚ್ಚುವುದನ್ನು ಹೇಳಿಕೊಟ್ಟೆ, ಬಿಗಿಯುವುದನ್ನು ಹೇಳಲಿಲ್ಲ. ಕೇಳಿದರು, ಫೋನ್ ಇಟ್ಟೆ. ತಾರೀಖು, ಜಾಗ, ಕೇಳಿಸಿಕೊಂಡ ಸಾಕ್ಷಿ. ನಾಳೆ ಕೊಡುತ್ತೇನೆ. ಕೊಡುವ ಮೊದಲು ಅಕ್ಕನಿಗೆ ಹೇಳಬೇಕು.

ಕೈ ಬೆವತು ಅಕ್ಷರ ಕಲಸಿಹೋಗಿದೆ.

ಮಾರ್ಚ್ 19, ಗುರುವಾರ

ಬೆಳಿಗ್ಗೆ ನರ್ಸಿನ ಕಾಲು ಹಿಡಿದಂತೆ ಕೇಳಿ ಒಳಗೆ ಹೋದೆ. ಹೇಳಿದೆ. ಕಥೆಯ ಹಾಗೆ ಶುರು ಮಾಡಿದೆ, ಬೇರೆ ದಾರಿ ಗೊತ್ತಿಲ್ಲ ನನಗೆ. ಒಬ್ಬ ಅಕ್ಕ ಇದ್ದಳು, ಅವಳಿಗೊಬ್ಬ ತಮ್ಮ ಇದ್ದ, ಅವನಿಗೆ ಜನ ನಗುವುದು ಬಹಳ ಇಷ್ಟ. ಹೂಂ ಅಂದಳು. ಓಣಿ, ಬಕೆಟ್ಟು, ಫೋನು. ಹೂಂ, ಹೂಂ. "ಆಮೇಲೆ?" ಅಂದಳು ಕಥೆಯ ಅಕ್ಕ, ತಮ್ಮ ಫೋನ್ ಇಟ್ಟ. ಅಲ್ಲಿ ಹೂಂ ನಿಂತಿತು.

ಮುಂದಿನದನ್ನು ಹೂಂ ಇಲ್ಲದೆಯೇ ಹೇಳಿ ಮುಗಿಸಿದೆ. ಸೈಕಲ್ ಇನ್ನು ಇಲ್ಲ ಎಂಬುದನ್ನೂ.

ಅಕ್ಕ ಮುಖವನ್ನು ಗೋಡೆಯ ಕಡೆ ತಿರುಗಿಸಿದಳು. ತಲೆ ತಿರುಗಿಸಿದರೆ ಅವಳಿಗೆ ಲೋಕವೇ ಗಿರ್ರನೆ ಸುತ್ತುತ್ತದೆ. ಆದರೂ ತಿರುಗಿಸಿದಳು.

ಕಾಗದ ಕೊಟ್ಟು ಬಂದೆ.

ಮಾರ್ಚ್ 20, ಶುಕ್ರವಾರ

ಬರಬೇಡ ಅಂದಳಂತೆ. ಹೆಂಡತಿ ಹೋಗಿ ಬಂದಳು.

ಮಾರ್ಚ್ 24, ಮಂಗಳವಾರ

ಅಂಚೆಯವರ ಹತ್ತು ಸೈಕಲ್ ಹೋದವು. ಲಾರಿ ತಂದಿದ್ದರು. ಒಂದೊಂದನ್ನೂ ನಾನೇ ಎತ್ತಿ ಕೊಟ್ಟೆ. ಪೇಟೆಯ ಆ ಕಡೆಯ ಅಂಗಡಿಗಂತೆ. ಮೇಲ್ವಿಚಾರಕಿ ಬಂದವರು ಲಾರಿ ಹೊರಟ ಮೇಲೂ ನಿಂತರು. "ನಿಮ್ಮ ಕಾಗದ ಮೇಲಿನವರು ಒಪ್ಪಿದ್ದಾರೆ. ನಿಮ್ಮಕ್ಕನಿಗೆ ಒಳಗೆ ಟಪಾಲು ವಿಂಗಡಿಸೋ ಮೇಜು ಕೊಡ್ತಾರೆ, ನಡೆಯೋ ಹಾಗಾದ ಮೇಲೆ. ನನ್ನ ಕೈಲಿ ಆದದ್ದು ಇಷ್ಟೇ." ಹನ್ನೊಂದನೆಯದನ್ನು, ಅಕ್ಕನ ಮುರಿದ ಸೈಕಲ್ಲನ್ನು, ಬಾಗಿಲಲ್ಲಿ ಇಳಿಸಿಹೋದರು. ಇನ್ನು ಅವರಿಗೆ ಬೇಡವಂತೆ.

ಅಂಗಡಿ ಬಾಯಿ ಕಳಕೊಂಡವರ ಹಾಗೆ ಕೂತಿದೆ.

ಮಧ್ಯಾಹ್ನ ಮೊಣಕಾಲು ನೋವಿನವಳು ಬಂದಳು, ಅದೇ ಸೀಟಿನ ಎತ್ತರ ಕೇಳಿದವಳು. ಹೆದರಿಕೊಂಡೇ ಬಂದಳು. ನೋವು ಮುಂದೆಯೋ ಹಿಂದೆಯೋ ಅಂತ ಕೇಳಿದೆ. ಎಷ್ಟು ದೂರ ಹೋದ ಮೇಲೆ ಶುರುವಾಗುತ್ತದೆ, ಯಾವ ಚಪ್ಪಲಿ, ಸೀಟನ್ನು ಮೊದಲು ಯಾರಾದರೂ ಮುಟ್ಟಿದ್ದಾರಾ. ಪೆಡಲು ಕೆಳಗಿಟ್ಟು ಹಿಮ್ಮಡಿ ಊರಿಸಿ ನೋಡಿದೆ, ಬೆರಳಗಲ ಎತ್ತರಿಸಿದೆ, ಸೀಟಿನ ಕಂಬದ ಮೇಲಿನ ಗುರುತಿಗಿಂತ ಮೇಲೆ ಯಾವತ್ತೂ ಎಳೆಯಬಾರದು ಅಂತ ಅವಳ ಬೆರಳನ್ನೇ ಆ ಗುರುತಿನ ಮೇಲಿಡಿಸಿ ತೋರಿಸಿದೆ. ಅವಳಿಗೇ ಬಿಚ್ಚಲು ಹೇಳಿದೆ, ಅವಳಿಗೇ ಬಿಗಿಯಲು ಹೇಳಿದೆ. ಒಂದು ಗಂಟೆ ಹಿಡಿಯಿತು. "ಏನಣ್ಣಾ, ಇವತ್ತು ಜೋಕೇ ಹೊಡೀಲಿಲ್ಲ?" ಅಂದಳು. ಏನು ಹೇಳುವುದು, ಬೇರೆ ಕೆಲಸವೂ ಇರಲಿಲ್ಲ.

ಮಾರ್ಚ್ 26, ಗುರುವಾರ

ಅಕ್ಕನನ್ನು ನಮ್ಮ ಮನೆಗೇ ಕರೆತಂದೆವು. ಅಂಗಡಿಯ ಹಿಂದಿನ ಕೋಣೆ. ಅವಳ ಬಾಡಿಗೆ ಮನೆಯ ಮೆಟ್ಟಿಲು ಹತ್ತಲಾಗದು. ಹೆಂಡತಿಯ ಜೊತೆ ಮಾತಾಡುತ್ತಾಳೆ, ನಗುತ್ತಾಳೆ ಕೂಡ. ನಾನು ಒಳಗೆ ಬಂದರೆ ಮಾತು ನಿಲ್ಲುತ್ತದೆ. ತಟ್ಟೆ ಮುಂದಿಟ್ಟರೆ ತೆಗೆದುಕೊಳ್ಳುತ್ತಾಳೆ. ನೀರು ಬೇಕಾದರೆ ಹೆಂಡತಿಯನ್ನು ಕರೆಯುತ್ತಾಳೆ. ನಾನು ಎರಡಡಿ ದೂರದಲ್ಲಿ ಇರುತ್ತೇನೆ.

ಬೈದಿದ್ದರೆ ಆಗುತ್ತಿತ್ತು. ಕೆನ್ನೆಗೆ ಹೊಡೆದಿದ್ದರೂ.

ಮಾರ್ಚ್ 28, ಶನಿವಾರ

ಇವತ್ತು ಮಧ್ಯಾಹ್ನ ಅಕ್ಕನ ಸೈಕಲ್ ಸ್ಟ್ಯಾಂಡಿಗೆ ಹಾಕಿದ್ದೆ. ಚಕ್ರ ನೆಟ್ಟಗೆ ಮಾಡಿದ್ದೆ, ಹ್ಯಾಂಡಲ್ಲಿನ ಬೋಲ್ಟು ಇನ್ನೂ ಬಿಗಿದಿರಲಿಲ್ಲ. ಯಾರಿಗೆ ಅಂತ ಗೊತ್ತಿಲ್ಲ, ಕೈ ಸುಮ್ಮನೆ ಇರಲಿಲ್ಲ. ಮೇಷ್ಟ್ರು ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಕೂತಿದ್ದರು. ಈಗ ದಿನಾ ಬರುತ್ತಾರೆ. ಏನೂ ಕೇಳುವುದಿಲ್ಲ. ಅದೇ ಸಂಕಟ.

ಗೋಡೆ ಸವರುವ ಸದ್ದು ಕೇಳಿಸಿತು. ಅಕ್ಕ ಒಂದೊಂದೇ ಹೆಜ್ಜೆ ಬರುತ್ತಿದ್ದಳು. ಹಿಡಿದುಕೊಳ್ಳಲು ಏಳಹೋದೆ, ಕೈಯಲ್ಲೇ ಬೇಡ ಅಂದಳು. ಮೇಷ್ಟ್ರು ಎದ್ದು ಸ್ಟೂಲನ್ನು ಸೈಕಲ್ಲಿನ ಪಕ್ಕಕ್ಕೆ ಎಳೆದು ಬಿಟ್ಟುಕೊಟ್ಟರು. ಕೂತಳು. ಒಂದು ಕೈ ಇನ್ನೂ ಕುತ್ತಿಗೆಗೆ ಕಟ್ಟಿದ ಬಟ್ಟೆಯ ಜೋಳಿಗೆಯಲ್ಲಿತ್ತು. ಸೈಕಲ್ಲನ್ನು ಬಹಳ ಹೊತ್ತು ನೋಡಿದಳು.

"ಲೋ."

ಒಂಬತ್ತು ದಿನದ ಮೇಲೆ.

"ಪಕ್ಕದ ಎರಡು ಬೋಲ್ಟು ಸಡಿಲ ಮಾಡ್ದೆ. ಹ್ಯಾಂಡಲ್ ತಿರುಗ್ಸಿದೆ. ಬೆಳಿಗ್ಗೆ ನೆಟ್ಟಗೂ ಮಾಡ್ದೆ." ನೆನಪಿನಿಂದಲ್ಲ, ನಾನು ಹೇಳಿದ್ದನ್ನೇ ಹೇಳುತ್ತಿದ್ದಳು. ಉಸಿರು ತೆಗೆದುಕೊಂಡಳು. "ಆಮೇಲೆ?"

ಮೇಷ್ಟ್ರು ಗೋಡೆಯ ಸ್ಪ್ಯಾನರುಗಳ ಕಡೆ ತಿರುಗಿದರು.

ಹೇಳಿದೆ. "ಮೇಲಿನ ಬೋಲ್ಟು ಹ್ಯಾಂಡಲ್ಲನ್ನ ಹಿಡಿಯೋದಿಲ್ಲ ಅಕ್ಕಾ, ಅದನ್ನ ನಂಬಬಾರ್ದು. ಅಲುಗಾಟ ಹೋಗೋಷ್ಟು ಬಿಗಿದ್ರೆ ಸಾಕು. ಆಮೇಲೆ ಹ್ಯಾಂಡಲ್ ಚಕ್ರಕ್ಕೆ ನೇರ ಇದೆಯಾ ನೋಡ್ಬೇಕು." ಅಲೆನ್ ಕೀ ಅವಳ ಒಳ್ಳೆಯ ಕೈಗೆ ಕೊಟ್ಟೆ. "ಈಗ ಪಕ್ಕದ್ದು. ಒಂದನ್ನೇ ಪೂರ್ತಿ ಬಿಗಿಯಬಾರ್ದು. ಇದಕ್ಕೆ ಸ್ವಲ್ಪ, ಅದಕ್ಕೆ ಸ್ವಲ್ಪ. ಮತ್ತೆ ಇದಕ್ಕೆ. ಒಂದು ಬಿಗಿಯಾದ್ರೆ ಇನ್ನೊಂದು ಸಡಿಲ ಆಗಿರುತ್ತೆ, ಅದಕ್ಕೆ."

ಬಿಗಿದಳು. ಇದಕ್ಕೆ ಸ್ವಲ್ಪ, ಅದಕ್ಕೆ ಸ್ವಲ್ಪ. ಹಣೆಯ ಮೇಲೆ ಬೆವರು ಮೂಡಿತು.

"ಆಮೇಲೆ?"

"ಆಮೇಲೆ ಮುಂದಿನ ಚಕ್ರಾನ ಮೊಣಕಾಲಿನ ಮಧ್ಯೆ ಹಿಡ್ಕೊಂಡು ಹ್ಯಾಂಡಲ್ ತಿರುಚಿ ನೋಡ್ಬೇಕು. ತಿರುಗಬಾರ್ದು."

ಗೋಡೆ ಹಿಡಿಯದೆ ಅವಳು ನಿಲ್ಲಲಾರಳು. ಸೈಕಲ್ಲನ್ನು ಸ್ಟ್ಯಾಂಡಿನಿಂದ ಇಳಿಸಿ, ಚಕ್ರವನ್ನು ನಾನು ಮೊಣಕಾಲುಗಳ ನಡುವೆ ಒತ್ತಿ ಹಿಡಿದೆ. ಅವಳು ಕೂತಲ್ಲಿಂದಲೇ ಹ್ಯಾಂಡಲ್ ಹಿಡಿದು, ಇದ್ದಬದ್ದ ಬಲವೆಲ್ಲ ಹಾಕಿ ತಿರುಚಿದಳು. ನನ್ನ ಮೇಲಿನ ಸಿಟ್ಟೆಲ್ಲ ಆ ಒಂದು ಕೈಯಲ್ಲಿತ್ತು. ಮೊಣಕಾಲು ನೋಯಿತು. ಹ್ಯಾಂಡಲ್ ತಿರುಗಲಿಲ್ಲ.

"ಇಷ್ಟೇನಾ?" ಅಂದಳು.

"ಇಷ್ಟೇ."

"ಎಷ್ಟು ಹೊತ್ತಾಯ್ತು ಇದಕ್ಕೆಲ್ಲ?"

ಮೇಷ್ಟ್ರ ಮುಖ ನೋಡಿದಳು. ಅವರು ಕೈಗಡಿಯಾರ ನೋಡಲಿಲ್ಲ, ನೆಲ ನೋಡಿದರು. "ಎರಡು ನಿಮಿಷ, ಅಮ್ಮಾ" ಅಂದರು.

"ಹೂಂ" ಅಂದಳು ಅಕ್ಕ.

ಆಮೇಲೆ ಕೈ ಚಾಚಿದಳು. ಏನು ಬೇಕೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ನೇಲ್ ಪಾಲಿಷಿನ ಬಾಟಲಿಯ ಮುಚ್ಚಳ ತೆಗೆದು ಕುಂಚ ಕೊಟ್ಟೆ. ಹಳೆಯ ಮುರಿದ ಗೆರೆಗಳ ಪಕ್ಕದಲ್ಲೇ ಎರಡು ಬೋಲ್ಟಿಗೂ ಹೊಸ ಗೆರೆ ಎಳೆದಳು. ತಲೆ ಸುತ್ತುತ್ತಿತ್ತೇನೋ. ಎರಡೂ ಸೊಟ್ಟ. ಬಣ್ಣ ಒಣಗುವವರೆಗೆ ನಾವು ಮೂವರೂ ಕೂತಿದ್ದೆವು. ಅವಳು ಒಳಗೆ ಹೋಗಲು ಎದ್ದಾಗ ನನ್ನ ಭುಜ ಹಿಡಿದೇ ಎದ್ದಳು, ಹತ್ತಿರ ಗೋಡೆ ಇರಲಿಲ್ಲವಲ್ಲ.